ರೂಲ್‌ಬುಕ್ ಬೇಕು, ದುಡ್ಡು ಕಮ್ಮಿ ಇದೆ: ಕದ್ದ ಪಿಡಿಎಫ್ ಬಿಟ್ಟು ಬೇರೆ ಯಾವ ದಾರಿ ಹಿಡಿಯಬಹುದು?

ಐದು ಜನ ಗೆಳೆಯರು ಸೇರಿ ಹೊಸ ಆಟ ಶುರು ಮಾಡೋಣ ಎಂದುಕೊಳ್ಳುತ್ತಾರೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಥರದ್ದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ, ನಡುನಡುವೆ ದಾಳ ಉರುಳುತ್ತದೆ. ನಿಯಮಗಳೆಲ್ಲ ರೂಲ್‌ಬುಕ್ ಎಂಬ ಪುಸ್ತಕದಲ್ಲಿರುತ್ತವೆ. ಭಾನುವಾರ ಸಂಜೆ ಎಂದು ಗೊತ್ತು ಮಾಡಿಕೊಳ್ಳುತ್ತಾರೆ. ಅರ್ಧ ಗಂಟೆಯೊಳಗೆ ಗುಂಪಿನ ಚಾಟ್‌ಗೆ ಒಂದು ಲಿಂಕ್ ಬಂದು ಬೀಳುತ್ತದೆ. "ಎಲ್ಲಾ ಪುಸ್ತಕಗಳೂ ಇದರಲ್ಲಿವೆ, ಇಳಿಸಿಕೊಳ್ಳಿ."

ಲಿಂಕ್ ಹಾಕಿದವರು ಕೆಟ್ಟವರಲ್ಲ. ಗೆಳೆಯರ ಖರ್ಚು ಉಳಿಯಲಿ ಅಂತ ಹಾಕಿರುತ್ತಾರೆ. ನಾನೂ ಹಿಂದೆ ಇಂಥ ಲಿಂಕ್‌ಗಳಿಂದ ಪುಸ್ತಕ ಇಳಿಸಿಕೊಂಡಿದ್ದೇನೆ. ಆದರೆ ಹಲವು ವರ್ಷ ಆಟ ನಡೆಸಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಆ ಲಿಂಕ್‌ನಿಂದ ಜಾಸ್ತಿ ಪೆಟ್ಟು ತಿನ್ನುವುದು ಪುಕ್ಕಟೆಯಾಗಿ, ಅಗ್ಗವಾಗಿ, ಬರೆದವರ ಒಪ್ಪಿಗೆಯಿಂದಲೇ ಸಿಗುವ ಆಟಗಳು. ದೊಡ್ಡ ಹೆಸರಿನ ಪುಸ್ತಕವೇ ಬಿಟ್ಟಿ ಸಿಗುವಾಗ ಇವನ್ನು ಹುಡುಕುವವರು ಯಾರು? ಇವು ಇವೆ ಅನ್ನುವುದೇ ತುಂಬಾ ಜನಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲ ದಾರಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಕದ್ದ ಪ್ರತಿಯನ್ನೂ ಸೇರಿಸಿಯೇ.

ಕದ್ದ ಪ್ರತಿಯಲ್ಲಿ ಸಿಗುವುದು, ಹೋಗುವುದು

ಕದ್ದ ಪ್ರತಿಯ ಅನುಕೂಲ ಎರಡು. ದುಡ್ಡು ಕೊಡಬೇಕಿಲ್ಲ, ಕಾಯಬೇಕಿಲ್ಲ. ಇದು ನಿಜ, ಇಲ್ಲ ಅನ್ನಲಾಗದು.

ಕಳೆದುಕೊಳ್ಳುವುದು ಏನು ಅನ್ನುವುದು ಆಡಲು ಕೂತಾಗ ಗೊತ್ತಾಗುತ್ತದೆ. ಎಷ್ಟೋ ಪ್ರತಿಗಳು ಪುಸ್ತಕ ಹರವಿ ಸ್ಕ್ಯಾನ್ ಮಾಡಿದಂಥವು. ಪದ ಹುಡುಕಿದರೆ ಸಿಗುವುದಿಲ್ಲ. ಅಧ್ಯಾಯಕ್ಕೆ ಹಾರಲು ಬುಕ್‌ಮಾರ್ಕ್ ಇರುವುದಿಲ್ಲ. ಟೇಬಲ್‌ಗಳ ಅಂಕಿ ಮಸುಕಾಗಿರುತ್ತದೆ. ನಾಲ್ಕು ಜನ ಕಾಯುತ್ತಾ ಕೂತಿರುವಾಗ ಒಂದು ಮಂತ್ರದ ವಿವರ ಹುಡುಕಲು ಐದು ನಿಮಿಷ ಹೋದರೆ ಆಟದ ಬಿಸಿಯೇ ಆರಿಹೋಗುತ್ತದೆ. ಜೊತೆಗೆ ಈ ಪ್ರತಿಗಳಲ್ಲಿ ಹೆಚ್ಚಿನವು ಮೊದಲ ಮುದ್ರಣದವು. ಆಮೇಲೆ ಪ್ರಕಾಶಕರು ತಪ್ಪು ತಿದ್ದುತ್ತಾರೆ, ನಿಯಮ ಸರಿಮಾಡುತ್ತಾರೆ. ಪಿಡಿಎಫ್ ಕೊಂಡವರಿಗೆ ತಿದ್ದಿದ ಪ್ರತಿ ಸಾಮಾನ್ಯವಾಗಿ ಮತ್ತೆ ಖರ್ಚಿಲ್ಲದೆ ಸಿಗುತ್ತದೆ. ಕದ್ದ ಪ್ರತಿಯಲ್ಲಿ ಹಳೆಯ ತಪ್ಪು ಹಾಗೇ ಕೂತಿರುತ್ತದೆ.

ಇನ್ನೊಂದು ನಷ್ಟವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಬಿಟ್ಟಿ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅನ್ನುವ ಹಾಗೆ ಫೋಲ್ಡರ್ ತುಂಬುತ್ತದೆ. ನೂರಾರು ಆಟಗಳು ಸೇರುತ್ತವೆ. ಒಂದನ್ನೂ ಪೂರ್ತಿ ಓದುವುದಿಲ್ಲ. ಹತ್ತು ಪುಟ ನೋಡಿ ಮುಂದಿನದಕ್ಕೆ ಹೋಗುತ್ತೇವೆ. ನಾನು ದುಡ್ಡು ಕೂಡಿಟ್ಟು ಕೊಂಡ ಮೊದಲ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಎರಡು ಸಲ ಓದಿದೆ. ಅದೇ ಆಟ ನಮ್ಮ ಗುಂಪಿನಲ್ಲಿ ಒಂದು ವರ್ಷಕ್ಕೂ ಜಾಸ್ತಿ ನಡೆಯಿತು. ಫೋಲ್ಡರಿನಿಂದ ತೆಗೆದ ಆಟ ಯಾವುದೂ ಮೂರನೇ ವಾರಕ್ಕೆ ತಲುಪಲಿಲ್ಲ.

ಇನ್ನು ಉದ್ಯಮದ ಮಾತು. ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ಆಟ ಆಡುವ ವಿಧಾನಕ್ಕೆ ರಕ್ಷಣೆ ಇಲ್ಲ. ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಅಂಕಿಗೆ ಇನ್ನೊಂದು ಅಂಕಿ ಕೂಡಿಸಿ ಎನ್ನುವುದು ಯಾರ ಸ್ವತ್ತೂ ಅಲ್ಲ. ರಕ್ಷಣೆ ಇರುವುದು ಅದನ್ನು ವಿವರಿಸಿದ ಬರಹಕ್ಕೆ, ಚಿತ್ರಗಳಿಗೆ, ಕಥೆಗೆ. ಅಂದರೆ ಪಿಡಿಎಫ್ ಕದ್ದಾಗ ಹೋಗುವುದು ಜನ ಕೂತು ಮಾಡಿದ ಕೆಲಸವೇ. ಈ ಕ್ಷೇತ್ರದಲ್ಲಿ ಬರೆಯುವವರಿಗೆ ಪದಕ್ಕೆ ಇಷ್ಟು ಸೆಂಟ್ ಎಂದು ಲೆಕ್ಕ ಹಾಕಿ ಕೊಡುವುದು ಹಳೆಯ ರೂಢಿ. ಚಿತ್ರ ಬಿಡಿಸುವವರಿಗೆ, ತಿದ್ದುವವರಿಗೆ, ಪುಟ ಜೋಡಿಸುವವರಿಗೆ ಪುಸ್ತಕ ಮಾರಾಟಕ್ಕೆ ಬರುವ ಮೊದಲೇ ಕೊಡಬೇಕು. ಹೆಚ್ಚಿನ ಪ್ರಕಾಶಕರು ದೊಡ್ಡ ಕಂಪನಿಗಳಲ್ಲ. ಇಬ್ಬರೋ ಮೂವರೋ ಇರುತ್ತಾರೆ. ಹಗಲು ಬೇರೆ ಕೆಲಸ, ರಾತ್ರಿ ಆಟ ಬರೆಯುವುದು.

"ನಾನು ಹೇಗೂ ಕೊಳ್ಳುತ್ತಿರಲಿಲ್ಲ, ಹಾಗಾಗಿ ಯಾರಿಗೂ ನಷ್ಟವಿಲ್ಲ" ಎನ್ನುವ ವಾದ ನಿಮಗೂ ಕೇಳಿ ಗೊತ್ತಿರುತ್ತದೆ, ಅಲ್ವಾ? ಅದರಲ್ಲಿ ಸ್ವಲ್ಪ ಸತ್ಯ ಇದೆ. ಪ್ರತಿ ಡೌನ್‌ಲೋಡೂ ಕೈತಪ್ಪಿದ ಮಾರಾಟ ಅಲ್ಲ. ಹಾಗೆ ಲೆಕ್ಕ ಹಾಕಿ ದೊಡ್ಡ ಮೊತ್ತ ಹೇಳುವುದೂ ಸರಿಯಲ್ಲ. ಸುಮ್ನೆ ಇಳಿಸಿಟ್ಟು ಮರೆತವರೇ ಬಹಳ. ಆದರೆ ಆ ಪುಸ್ತಕದಿಂದ ವಾರವಾರ ಆಟ ನಡೆಸುವವರ ವಿಷಯ ಬೇರೆ. ಅವರು ಕೊಳ್ಳುವವರೇ ಆಗಿದ್ದರು. ಕೆಲವೇ ನೂರು ಪ್ರತಿ ಮಾರುವ ಪುಸ್ತಕಕ್ಕೆ ಇಂಥ ಐವತ್ತು ಗುಂಪುಗಳು ತಪ್ಪಿದರೆ ಎರಡನೇ ಭಾಗ ಬರುವುದೇ ಇಲ್ಲ. ದೊಡ್ಡ ಕಂಪನಿ ಇದನ್ನು ತಡೆದುಕೊಳ್ಳುತ್ತದೆ. ಚಿಕ್ಕವರು ಸದ್ದಿಲ್ಲದೆ ನಿಲ್ಲಿಸಿಬಿಡುತ್ತಾರೆ. ಆಟಗಾರರಿಗೆ ಅದು ತಿಳಿಯುವುದೂ ಇಲ್ಲ.

ಈ ನಕಲಿನ ಕಥೆ ಇಂಟರ್ನೆಟ್‌ಗಿಂತ ಹಳೆಯದು. ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಬಂದಾಗ ಮೊದಲ ಮುದ್ರಣ 1,000 ಪ್ರತಿ. ಪುಸ್ತಕ ಸಿಗದವರು ಜೆರಾಕ್ಸ್ ಮಾಡಿಕೊಂಡರು, ಹಾಗೇ ಆಟ ಊರೂರಿಗೆ ಹಬ್ಬಿತು. ಇದನ್ನೇ ಹಿಡಿದು ಪೈರಸಿ ಒಳ್ಳೆಯದೇ ಮಾಡುತ್ತದೆ ಎನ್ನುವವರಿದ್ದಾರೆ. ಆದರೆ ಆಗ ಜೆರಾಕ್ಸ್ ಹಾಳೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಈಗ ಇದೆ.

ಪುಕ್ಕಟೆ, ಒಪ್ಪಿಗೆಯಿಂದ

ಪುಕ್ಕಟೆ ಸಿಗುವುದರಲ್ಲೂ ಮೂರು ಬಗೆ ಇದೆ. ಈ ವ್ಯತ್ಯಾಸ ತಿಳಿದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಒಂದು, ರುಚಿ ತೋರಿಸುವ ಪುಸ್ತಿಕೆ. ಕ್ವಿಕ್‌ಸ್ಟಾರ್ಟ್ ಎನ್ನುತ್ತಾರೆ. ಕೇಯಾಸಿಯಂ ತನ್ನ ಕಾಲ್ ಆಫ್ ಕ್ತುಲು ಆಟಕ್ಕೆ ಇಂಥದ್ದೊಂದನ್ನು ಕೊಡುತ್ತದೆ. ಮುಖ್ಯ ನಿಯಮಗಳು, ಜೊತೆಗೆ ಆಡಲು ಒಂದು ಕಥೆ. ಸ್ಟೀವ್ ಜಾಕ್ಸನ್ ಗೇಮ್ಸ್‌ನ ಗರ್ಪ್ಸ್ ಲೈಟ್ 32 ಪುಟದ್ದು. ಒಂದೆರಡು ಸಂಜೆ ಆಡಿ ಆಟ ಹಿಡಿಸುತ್ತದೋ ಇಲ್ಲವೋ ನೋಡಲು ಇವು ಸಾಕು. ಆರು ತಿಂಗಳ ಕ್ಯಾಂಪೇನ್‌ಗೆ, ಅಂದರೆ ವಾರವಾರ ಮುಂದುವರಿಯುವ ಉದ್ದ ಕಥೆಗೆ, ಸಾಲದು.

ಎರಡು, ನಿಯಮಗಳ ಭಂಡಾರ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಎಸ್‌ಆರ್‌ಡಿ (ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್) ಇಂಥದ್ದು. 2000ನೇ ಇಸವಿಯಲ್ಲಿ ಬೇರೆಯವರೂ ಈ ನಿಯಮಗಳನ್ನು ಬಳಸಲು ಬಿಡುವ ಓಪನ್ ಗೇಮ್ ಲೈಸೆನ್ಸ್ ಬಂದಾಗಿನಿಂದ ಈ ಪದ್ಧತಿ ಇದೆ. 2023ರ ಜನವರಿಯಲ್ಲಿ ಆ ಲೈಸೆನ್ಸನ್ನು ಬಿಗಿ ಮಾಡುವ ಕರಡು ಸೋರಿಕೆಯಾಯಿತು. ಆಟಗಾರರು, ಚಿಕ್ಕ ಪ್ರಕಾಶಕರು ತಿರುಗಿಬಿದ್ದರು. ಅದೇ ತಿಂಗಳ 27ಕ್ಕೆ ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿಗೆ ಹಾಕಿತು. ಹೊಸ ನಿಯಮಗಳ ಎಸ್‌ಆರ್‌ಡಿ 5.2 ಕೂಡ 2025ರಲ್ಲಿ ಅದೇ ದಾರಿಯಲ್ಲಿ ಬಂತು. ಇವನ್ನು ಇಳಿಸಿಕೊಳ್ಳಬಹುದು, ಹಂಚಬಹುದು, ಇವುಗಳ ಮೇಲೆ ಹೊಸ ಆಟ ಕಟ್ಟಿ ಮಾರಲೂಬಹುದು. ಹೆಸರು ಹೇಳಿದರೆ ಸಾಕು.

ಇಲ್ಲೊಂದು ವಿಷಯ ಗಮನಿಸಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಆವೃತ್ತಿಯ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ಕನ್ನು (ಆಟಗಾರರ ಮುಖ್ಯ ನಿಯಮ ಪುಸ್ತಕ) ಕಂಪನಿ ಪಿಡಿಎಫ್ ಆಗಿ ಮಾರಲೇ ಇಲ್ಲ. ಹಾಗಾಗಿ ಚಾಟ್‌ನಲ್ಲಿ ಹರಿದಾಡುವ ಆ ಪಿಡಿಎಫ್ ಖಂಡಿತ ಕದ್ದದ್ದು. ಆದರೆ ಎಸ್‌ಆರ್‌ಡಿ ಮತ್ತು ಬೇಸಿಕ್ ರೂಲ್ಸ್ ಎರಡೂ ಪುಕ್ಕಟೆ, ಎರಡೂ ಸಕ್ರಮ. 2014ರ ಬೇಸಿಕ್ ರೂಲ್ಸ್‌ನಲ್ಲಿ ಫೈಟರ್, ಕ್ಲೆರಿಕ್, ರೋಗ್, ವಿಝರ್ಡ್ ನಾಲ್ಕು ಬಗೆಯ ಪಾತ್ರಗಳಿವೆ. ಹೊಸಬರ ಗುಂಪಿಗೆ ಅಷ್ಟು ಧಾರಾಳವಾಗಿ ಸಾಕು.

ನಿಯಮ ಭಂಡಾರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಪಾತ್‌ಫೈಂಡರ್‌ನದು. ಪೈಝೋ ಕಂಪನಿಯ ಆಟ ಇದು. ಆರ್ಕೈವ್ಸ್ ಆಫ್ ನೆಥಿಸ್ ಎಂಬ ತಾಣದಲ್ಲಿ ಅದರ ನಿಯಮಗಳು, ಮಂತ್ರಗಳು, ರಾಕ್ಷಸರು ಎಲ್ಲವೂ ಕಂಪನಿಯ ಒಪ್ಪಿಗೆಯಿಂದಲೇ ಇವೆ. ಹುಡುಕಿದ್ದು ಕ್ಷಣದಲ್ಲಿ ಸಿಗುತ್ತದೆ. ಯಾವ ಕದ್ದ ಸ್ಕ್ಯಾನೂ ಇದಕ್ಕೆ ಸಮ ಅಲ್ಲ. ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೂ ಪೈಝೋ ಪುಸ್ತಕ ಮಾರುತ್ತಲೇ ಇದೆ. ಜನ ಚಿತ್ರಗಳಿಗಾಗಿ, ಸಾಹಸಕಥೆಗಳಿಗಾಗಿ, ಕೈಯಲ್ಲಿ ಹಿಡಿದು ಓದುವ ಖುಷಿಗಾಗಿ ಕೊಳ್ಳುತ್ತಾರೆ. ಈ ಭಂಡಾರಗಳ ಕೊರತೆ ಒಂದೇ. ಓದಿ ಕಲಿಯಲು ಕಷ್ಟ. ನಿಘಂಟು ಓದಿ ಭಾಷೆ ಕಲಿತ ಹಾಗಾಗುತ್ತದೆ. ಒಬ್ಬರಿಗಾದರೂ ಆಟ ಗೊತ್ತಿರುವ ಗುಂಪಿಗೆ ಇದು ಹೇಳಿಮಾಡಿಸಿದ್ದು.

ಮೂರನೆಯದು ಇಡೀ ಆಟವೇ ಪುಕ್ಕಟೆ. ಶಾನ್ ಟಾಮ್ಕಿನ್ ಬರೆದ ಐರನ್‌ಸ್ವಾರ್ನ್ 2018ರಲ್ಲಿ ಬಂತು. ಪೂರ್ತಿ ಪಿಡಿಎಫ್ ಖರ್ಚಿಲ್ಲದೆ ಸಿಗುತ್ತದೆ. ಒಬ್ಬರೇ ಆಡಬಹುದು, ಗೇಮ್ ಮಾಸ್ಟರ್ (ಕಥೆ ನಡೆಸುವವರು) ಇಲ್ಲದೆ ಇಬ್ಬರು ಮೂವರು ಸೇರಿ ಆಡಬಹುದು. 2019ರಲ್ಲಿ, ಈ ಬಗೆಯ ಆಟಗಳಿಗೆ ಕೊಡುವ ಎನ್ನೀಸ್ ಪ್ರಶಸ್ತಿಗಳಲ್ಲಿ ಪುಕ್ಕಟೆ ಆಟಗಳ ವಿಭಾಗದ ಚಿನ್ನ ಪಡೆಯಿತು. ಅವರ ಮುಂದಿನ ಆಟ ಸ್ಟಾರ್‌ಫೋರ್ಜ್ಡ್ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು. ಮೊದಲನೆಯದನ್ನು ಆಡಿ ಮೆಚ್ಚಿದವರು ಅದನ್ನು ಕೊಳ್ಳಬಹುದು. ಹಳೆಯ ಕಾಲದ ಡಂಜನ್ ಆಟ ಬೇಕೆಂದರೆ ಬೇಸಿಕ್ ಫ್ಯಾಂಟಸಿ ಇದೆ. ಪಿಡಿಎಫ್‌ಗೆ ಕಾಸಿಲ್ಲ, ಮುದ್ರಿತ ಪುಸ್ತಕವನ್ನು ಅಚ್ಚಿನ ಖರ್ಚಿಗೇ ಕೊಡುತ್ತಾರೆ. ದೂರದ ಭವಿಷ್ಯದ ಕಥೆ ಬೇಕೆಂದರೆ ಎಕ್ಲಿಪ್ಸ್ ಫೇಸ್. 2009ರಿಂದ ಕ್ರಿಯೇಟಿವ್ ಕಾಮನ್ಸ್‌ನಲ್ಲಿದೆ. ವ್ಯಾಪಾರಕ್ಕಲ್ಲದೆ ಯಾರು ಯಾರಿಗೆ ಬೇಕಾದರೂ ಹಂಚಬಹುದು. ಅದೇ ಆಟವನ್ನು ಅವರು ಮಾರುತ್ತಲೂ ಇದ್ದಾರೆ.

ಕೈಯಲ್ಲಿ ಏನೂ ಇಲ್ಲದ ಗುಂಪಿಗೆ ನನ್ನ ಸಲಹೆ ಈ ಮೂರನೇ ಬಗೆ. ತುಂಡು ಆಟವಲ್ಲ, ಪೂರ್ತಿ ಆಟ. ಬರೆದವರೇ ನಿಮ್ಮ ಕೈಗಿಟ್ಟದ್ದು.

ಇಷ್ಟ ಬಂದಷ್ಟು ಕೊಡುವುದು, ಕಟ್ಟಿನಲ್ಲಿ ಕೊಳ್ಳುವುದು

ಸ್ವಲ್ಪ ಕೊಡಬಲ್ಲವರಿಗೆ ಇದು ತುಂಬಾ ಒಳ್ಳೆಯ ದಾರಿ. ಈವಿಲ್ ಹ್ಯಾಟ್ ಪ್ರಕಾಶನದ ಫೇಟ್ ಕೋರ್ 2013ರಲ್ಲಿ ಹೀಗೇ ಬಂತು. ಜನರಿಂದ ಮುಂಗಡ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 10,000ಕ್ಕೂ ಹೆಚ್ಚು ಜನ ಸೇರಿ 4 ಲಕ್ಷ ಡಾಲರ್ ಮೀರಿ ಕೊಟ್ಟಿದ್ದರು. ಆಮೇಲೆ ಪಿಡಿಎಫ್ ಅನ್ನು ಇಷ್ಟ ಬಂದಷ್ಟು ಕೊಟ್ಟು ಪಡೆಯಿರಿ ಎಂದು ಇಟ್ಟರು. ಸೊನ್ನೆ ಹಾಕಿದರೂ ಆಟ ಸಿಗುತ್ತದೆ. ಆಡಿ ನೋಡಿ, ಹಿಡಿಸಿದರೆ ಮರಳಿ ಬಂದು ಕೊಡಬಹುದು.

ಇಚ್ ಡಾಟ್ ಐಓ ತಾಣದಲ್ಲಿ ಇನ್ನೊಂದು ಪದ್ಧತಿ ಇದೆ. ಕಮ್ಯುನಿಟಿ ಕಾಪಿ ಎನ್ನುತ್ತಾರೆ. ಬರೆದವರು ಕೆಲವು ಪ್ರತಿಗಳನ್ನು ಕೊಳ್ಳಲಾಗದವರಿಗೆಂದೇ ತೆಗೆದಿಡುತ್ತಾರೆ. ಬೇರೆಯವರು ಕೊಂಡಾಗ, ಜಾಸ್ತಿ ಕೊಟ್ಟಾಗ ಆ ಪ್ರತಿಗಳು ಇನ್ನೂ ಸೇರುತ್ತವೆ. ಯಾರೂ ನಿಮ್ಮ ಪರಿಸ್ಥಿತಿ ಕೇಳುವುದಿಲ್ಲ, ಪುರಾವೆ ಬೇಡುವುದಿಲ್ಲ. ಒತ್ತಿ ತೆಗೆದುಕೊಳ್ಳುವುದಷ್ಟೇ. ದುಡ್ಡಿಲ್ಲದ್ದಕ್ಕೆ ಕದಿಯುತ್ತಿದ್ದೇನೆ ಎನ್ನುವವರಿಗೆ ಇದಕ್ಕಿಂತ ಮರ್ಯಾದೆಯ ಬಾಗಿಲು ಬೇರೆ ಇಲ್ಲ. ಇದನ್ನು ಓದುತ್ತಿರುವ ಯಾರಿಗಾದರೂ ಬೇಕಿದ್ದರೆ ಸಂಕೋಚ ಬೇಡ. ಅದು ನಿಮಗಾಗಿಯೇ ಇಟ್ಟದ್ದು.

ಕಟ್ಟುಗಳ ವಿಷಯ: 2013ರಿಂದ ನಡೆಯುತ್ತಿರುವ ಬಂಡಲ್ ಆಫ್ ಹೋಲ್ಡಿಂಗ್ ಆಟಗಳ ಪಿಡಿಎಫ್‌ಗಳನ್ನು ಕಟ್ಟು ಕಟ್ಟಾಗಿ, ತುಂಬಾ ಕಡಿಮೆ ಬೆಲೆಗೆ ಕೆಲವು ವಾರ ಮಾತ್ರ ಮಾರುತ್ತದೆ. ಹಂಬಲ್ ಬಂಡಲ್ ಕೂಡ ಆಗಾಗ ಇಂಥ ಕಟ್ಟು ತರುತ್ತದೆ. ಒಂದೇ ಆಟದ ಹತ್ತು ಪುಸ್ತಕ ಒಟ್ಟಿಗೆ ಸಿಗುವುದರಿಂದ ದೀರ್ಘ ಕ್ಯಾಂಪೇನ್‌ಗೆ ಲಾಭ. ಬೇಕಾದ ಆಟ ಬೇಕಾದಾಗ ಸಿಗುವುದಿಲ್ಲ ಎನ್ನುವುದು ತೊಂದರೆ. ಇಲ್ಲೂ ಫೋಲ್ಡರ್ ತುಂಬಿಸುವ ಚಟ ಹತ್ತಬಹುದು. ಆಡುವ ಆಟಕ್ಕೆ ಮಾತ್ರ ಕೊಳ್ಳಿ.

ಪಿಡಿಎಫ್, ಮುದ್ರಿತ ಪುಸ್ತಕ, ಇಲ್ಲಾ ಆ್ಯಪ್?

ಕೊಳ್ಳುವುದೆಂದು ತೀರ್ಮಾನಿಸಿದ ಮೇಲೆ ಮುಂದಿನ ಪ್ರಶ್ನೆ ಇದು. ನಿಮ್ಮ ದುಡ್ಡು ಯಾರಿಗೆ ಎಷ್ಟು ತಲುಪುತ್ತದೆ ಅನ್ನುವುದನ್ನೂ ಇಲ್ಲಿ ನೋಡಬೇಕು.

ಅಂಗಡಿಗೆ ವಿತರಕರ ಮೂಲಕ ಹೋಗುವ ಪುಸ್ತಕದಲ್ಲಿ ಮುಖಬೆಲೆಯ ಸುಮಾರು 40 ಪ್ರತಿಶತ ಪ್ರಕಾಶಕರಿಗೆ ಬರುತ್ತದೆ. ಅಚ್ಚು, ಸಾಗಣೆ, ಬರಹ, ಚಿತ್ರ ಎಲ್ಲಾ ಖರ್ಚೂ ಅದರಲ್ಲೇ ಹೋಗಬೇಕು. ಡ್ರೈವ್‌ಥ್ರೂಆರ್‌ಪಿಜಿ ತಾಣದಲ್ಲಿ ಪಿಡಿಎಫ್ ಮಾರಿದರೆ ಬಹುಕಾಲದಿಂದ ಇದ್ದ ಲೆಕ್ಕ 65ರಿಂದ 70 ಪ್ರತಿಶತ ಪ್ರಕಾಶಕರಿಗೆ. ಇಚ್‌ನಲ್ಲಿ ತಾಣದ ಪಾಲು ಎಷ್ಟೆಂದು ಮಾರುವವರೇ ಗೊತ್ತು ಮಾಡಬಹುದು, ಅವರು ಬದಲಿಸದಿದ್ದರೆ ಅದು 10 ಪ್ರತಿಶತ. ಅಂದರೆ ಒಬ್ಬರೇ ಬರೆದು ತಾವೇ ಮಾರುವ ಆಟಕ್ಕೆ ಪಿಡಿಎಫ್ ಕೊಂಡರೆ ನಿಮ್ಮ ದುಡ್ಡಿನ ಬಹುಪಾಲು ನೇರ ಅವರಿಗೆ. ಕದ್ದ ಪ್ರತಿಯಿಂದ ಚಿಕ್ಕವರಿಗೆ ಜಾಸ್ತಿ ಹೊಡೆತ ಏಕೆ ಎನ್ನುವುದೂ ಇಲ್ಲೇ ತಿಳಿಯುತ್ತದೆ. ದೊಡ್ಡ ಕಂಪನಿಗೆ ಅಂಗಡಿ ಇದೆ, ಆಟಿಕೆ ಇದೆ, ಸಿನಿಮಾ ಇದೆ. ಚಿಕ್ಕವರಿಗೆ ಇರುವ ಗಳಿಕೆಯೇ ಆ ಪಿಡಿಎಫ್.

ಬೆಲೆಯಲ್ಲೂ ಪಿಡಿಎಫ್ ಗೆಲ್ಲುತ್ತದೆ. ಪಾತ್‌ಫೈಂಡರ್‌ನ ಮೊದಲ ಕೋರ್ ರೂಲ್‌ಬುಕ್ 2009ರಲ್ಲಿ ಬಂದಾಗ ದಪ್ಪ ಪುಸ್ತಕಕ್ಕೆ 49.99 ಡಾಲರ್, ಪಿಡಿಎಫ್‌ಗೆ 9.99 ಡಾಲರ್. ಐದರಲ್ಲಿ ಒಂದು ಪಾಲು. ಗುಂಪಿನ ಐವರೂ ಸೇರಿ ಹಾಕಿದರೆ ತಲೆಗೆ 2 ಡಾಲರ್.

ಮುದ್ರಿತ ಪುಸ್ತಕದ ಬಲ ಬೇರೆ. ಮೇಜಿನ ಸುತ್ತ ಕೈಯಿಂದ ಕೈಗೆ ಹೋಗುತ್ತದೆ. ಹಾಗೆ ಕೊಟ್ಟು ಪಡೆಯುವುದು ಪೈರಸಿ ಅಲ್ಲ, ಯಾರ ಅನುಮತಿಯೂ ಬೇಡ. ಆಡಿ ಮುಗಿದ ಮೇಲೆ ಮಾರಬಹುದು, ಉಡುಗೊರೆ ಕೊಡಬಹುದು. ಹಳೆಯ ಪ್ರತಿ ಕೊಳ್ಳುವುದೂ ಸಕ್ರಮವೇ. ಹೆಚ್ಚಿನ ಆಟಗಳಿಗೆ ಇಡೀ ಗುಂಪಿಗೆ ಒಂದು ಪುಸ್ತಕ ಸಾಕು ಎನ್ನುವುದನ್ನು ಜನ ಮರೆಯುತ್ತಾರೆ. ಎಲ್ಲರ ಹತ್ತಿರವೂ ಎಲ್ಲ ಪುಸ್ತಕ ಇರಬೇಕು ಎಂಬ ಆಸೆ ಹುಟ್ಟಿದ್ದೇ ಆ ಲಿಂಕ್‌ಗಳಿಂದ. ಎರಡೂ ಬೇಕೆಂದರೆ ಬಿಟ್ಸ್ ಅಂಡ್ ಮಾರ್ಟರ್ ಯೋಜನೆಯಲ್ಲಿರುವ ಪ್ರಕಾಶಕರನ್ನು ನೋಡಿ. ಆ ಯೋಜನೆಗೆ ಸೇರಿದ ಅಂಗಡಿಯಲ್ಲಿ ಪುಸ್ತಕ ಕೊಂಡವರಿಗೆ ಪಿಡಿಎಫ್ ಬೇರೆ ದುಡ್ಡಿಲ್ಲದೆ ಸಿಗುತ್ತದೆ.

ಆ್ಯಪ್ ಮತ್ತು ಚಂದಾ ಸೇವೆಗಳ ಬಗ್ಗೆ ನನಗೆ ಸ್ವಲ್ಪ ಹಿಂಜರಿಕೆ ಇದೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಅಧಿಕೃತ ಆನ್‌ಲೈನ್ ಸೇವೆ ಡಿಅಂಡ್‌ಡಿ ಬಿಯಾಂಡ್ ತಗೊಳ್ಳಿ. ಪಾತ್ರ ರಚಿಸುವುದು ಬಹಳ ಸುಲಭ. ಗುಂಪಿನಲ್ಲಿ ಒಬ್ಬರು ಪುಸ್ತಕ ಕೊಂಡು ಮೇಲಿನ ದರ್ಜೆಯ ಚಂದಾ ಕಟ್ಟಿದರೆ ಉಳಿದವರ ಜೊತೆ ಹಂಚಿಕೊಳ್ಳಬಹುದು. ಅನುಕೂಲ ನಿಜ. ಆದರೆ ಕೈಗೆ ಫೈಲ್ ಸಿಗುವುದಿಲ್ಲ. ಓದುವ ಅನುಮತಿ ಮಾತ್ರ. 2024ರಲ್ಲಿ ಬೇಕಾದ ಭಾಗವನ್ನಷ್ಟೇ ಬಿಡಿಯಾಗಿ ಕೊಳ್ಳುವ ವ್ಯವಸ್ಥೆ ತೆಗೆದರು. ಅದೇ ವರ್ಷ ಹೊಸ ನಿಯಮ ಬಂದಾಗ ಹಳೆಯ ಮಂತ್ರ, ವಸ್ತುಗಳ ಜಾಗದಲ್ಲಿ ಹೊಸವನ್ನೇ ಹಾಕುತ್ತೇವೆ ಎಂದು ಘೋಷಿಸಿದರು. ಕೊಂಡವರು ಗಟ್ಟಿಯಾಗಿ ವಿರೋಧಿಸಿದ ಮೇಲೆ ಹಿಂದೆ ಸರಿದರು. ಇಂಥ ಪ್ರತಿ ಘಟನೆಯೂ ಪ್ರಾಮಾಣಿಕ ಗಿರಾಕಿಗಳನ್ನು ಆ ಲಿಂಕ್ ಕಡೆಗೆ ತಳ್ಳುತ್ತದೆ. ಪೈರಸಿ ಬೇಡ ಎನ್ನುವವನಾಗಿಯೇ ಇದನ್ನು ಹೇಳುತ್ತಿದ್ದೇನೆ. ವಾರವಾರ ಆಡುವ, ದೂರದೂರ ಇರುವ ಗುಂಪಿಗೆ ಆ್ಯಪ್ ಸರಿ. ಹತ್ತು ವರ್ಷ ಬಿಟ್ಟು ಮತ್ತೆ ತೆರೆಯಬೇಕು ಎನ್ನುವವರಿಗೆ ಪಿಡಿಎಫ್ ಅಥವಾ ಪುಸ್ತಕವೇ ಸರಿ.

ಬೋರ್ಡ್ ಗೇಮ್, ಮಿನಿಯೇಚರ್

ಬೋರ್ಡ್ ಗೇಮ್‌ನಲ್ಲಿ ಸಮಸ್ಯೆಯ ರೂಪವೇ ಬೇರೆ. ಅಲ್ಲಿ ರೂಲ್‌ಬುಕ್ಕನ್ನು ಹೆಚ್ಚಿನ ಪ್ರಕಾಶಕರು ತಾವೇ ಪುಕ್ಕಟೆ ಹಾಕಿರುತ್ತಾರೆ. ಕೊಳ್ಳುವ ಮೊದಲು ಓದಿ ನೋಡಲು ಅದು ತುಂಬಾ ಉಪಯೋಗ. ಕದಿಯುವುದು ಕಾರ್ಡು, ಹಲಗೆಗಳ ಚಿತ್ರವನ್ನು. ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಬೋರ್ಡ್ ಗೇಮ್ ಆಡುವ ಟೇಬಲ್‌ಟಾಪ್ ಸಿಮ್ಯುಲೇಟರ್ ಎಂಬ ತಂತ್ರಾಂಶಕ್ಕೆ ಹಾಕುತ್ತಾರೆ, ಇಲ್ಲವೇ ಪೆಟ್ಟಿಗೆಯನ್ನೇ ನಕಲು ಮಾಡಿ ಮಾರುತ್ತಾರೆ. ಆನ್‌ಲೈನ್ ಆಡಲು ಎರಡನ್ನು ಹೋಲಿಸಿ. ಟೇಬಲ್‌ಟಾಪ್ ಸಿಮ್ಯುಲೇಟರ್‌ನಲ್ಲಿ ಪ್ರಕಾಶಕರೇ ಹಾಕಿದ ಆಟಗಳೂ ಇವೆ, ಅನುಮತಿ ಇಲ್ಲದೆ ಯಾರೋ ಹಾಕಿದವೂ ಇವೆ. ಯಾವುದು ಯಾವುದೆಂದು ನೀವೇ ನೋಡಿಕೊಳ್ಳಬೇಕು. ಬೋರ್ಡ್ ಗೇಮ್ ಅರೆನಾ ತಾಣದಲ್ಲಿ ಆ ತಲೆನೋವಿಲ್ಲ. ಆಟಗಳು ಹಕ್ಕುದಾರರ ಒಪ್ಪಿಗೆಯಿಂದ ಬಂದಿರುತ್ತವೆ. ಬಹಳಷ್ಟನ್ನು ದುಡ್ಡಿಲ್ಲದೆ ಆಡಬಹುದು. ಕೆಲವು ಆಟ ಶುರು ಮಾಡಲು ಮಾತ್ರ ಒಬ್ಬರ ಹತ್ತಿರ ಚಂದಾ ಇರಬೇಕು. ನಿಯಮ ಪಾಲನೆಯನ್ನೂ ತಾಣವೇ ನೋಡಿಕೊಳ್ಳುವುದರಿಂದ ಹೊಸಬರಿಗೆ ಇದೇ ಮೇಲು.

ನಕಲಿ ಪೆಟ್ಟಿಗೆಗಳ ಬಗ್ಗೆ ಎಚ್ಚರ ಬೇಕು. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಜನಪ್ರಿಯ ಆಟಗಳ ನಕಲು ಅಸಲಿನ ಚಿತ್ರ ಹಾಕಿಕೊಂಡೇ ಮಾರಾಟವಾಗುತ್ತದೆ. ಬೆಲೆ ತೀರಾ ಕಮ್ಮಿ, ಮಾರುವವರ ಹೆಸರು ಅಪರಿಚಿತ ಎಂದರೆ ಅನುಮಾನ ಪಡಿ. ನನಗೂ ಒಮ್ಮೆ ಹೀಗೆ ಬಂತು. ಕಾರ್ಡುಗಳು ತೆಳ್ಳಗೆ, ಹಿಂಬದಿಯ ಬಣ್ಣ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಿಂಬದಿ ನೋಡಿಯೇ ಯಾವ ಕಾರ್ಡೆಂದು ಹೇಳಬಹುದಿತ್ತು. ಆಟ ಅಲ್ಲಿಗೇ ಕೆಟ್ಟಿತು. ಇಲ್ಲಿ ಕೊಳ್ಳುವವರಿಗೂ ಮೋಸ, ಮಾಡಿದವರಿಗೂ ಮೋಸ. ಇದಕ್ಕಿಂತ ಪ್ರಿಂಟ್ ಅಂಡ್ ಪ್ಲೇ ಆಟ ಎಷ್ಟೋ ವಾಸಿ. ಸೀಕ್ರೆಟ್ ಹಿಟ್ಲರ್, ಕಾರ್ಡ್ಸ್ ಅಗೇನ್ಸ್ಟ್ ಹ್ಯುಮಾನಿಟಿ ಆಟಗಳ ಫೈಲ್‌ಗಳನ್ನು ಮಾಡಿದವರೇ ಬಿಟ್ಟುಕೊಟ್ಟಿದ್ದಾರೆ. ದಪ್ಪ ಹಾಳೆ, ಕತ್ತರಿ, ಒಂದು ಸಂಜೆ ಇದ್ದರೆ ಸಾಕು.

ಮಿನಿಯೇಚರ್ (ಆಟದ ಚಿಕ್ಕ ಬೊಂಬೆ) ವಿಷಯದಲ್ಲಿ ಈಗ ಓಡಾಡುವುದು ಎಸ್‌ಟಿಎಲ್ ಫೈಲ್‌ಗಳು, ಅಂದರೆ ಬೊಂಬೆಯ ಥ್ರೀಡಿ ಮಾದರಿಗಳು. ಥ್ರೀಡಿ ಪ್ರಿಂಟರ್ ಇದ್ದವರು ಮನೆಯಲ್ಲೇ ಬೊಂಬೆ ಅಚ್ಚು ಹಾಕುತ್ತಾರೆ. ಈ ಫೈಲ್ ಮಾಡುವ ಶಿಲ್ಪಿಗಳಲ್ಲಿ ಬಹಳಷ್ಟು ಜನ ಒಂಟಿಯಾಗಿ, ತಿಂಗಳ ಚಂದಾ ನಂಬಿಕೊಂಡು ಕೆಲಸ ಮಾಡುವವರು. ತಿಂಗಳ ಕಟ್ಟು ಬಿಡುಗಡೆಯಾದ ಕೂಡಲೇ ಯಾರೋ ಅದನ್ನು ಗುಂಪುಗಳಿಗೆ ಹಾಕುತ್ತಾರೆ. ಇಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಪುಕ್ಕಟೆ ಮಾದರಿಗಳು ಬೇಕಾದಷ್ಟಿವೆ, ಅವನ್ನು ಬಳಸಿ. ಅದೂ ಬೇಡವೆಂದರೆ ಹಲಗೆಯ ಮೇಲೆ ಬಟನ್ ಇಟ್ಟರೂ ಆಟ ನಡೆಯುತ್ತದೆ. ಬೊಂಬೆಗಳ ಯುದ್ಧದಾಟ ವಾರ್‌ಹ್ಯಾಮರ್ 40,000 ಆಡುವವರಿಗೆ ಒಂದು ಮಾತು: 2023ರಲ್ಲಿ ಹತ್ತನೇ ಆವೃತ್ತಿ ಬಂದಾಗ ಗೇಮ್ಸ್ ವರ್ಕ್‌ಶಾಪ್ ಮುಖ್ಯ ನಿಯಮಗಳನ್ನು ಪುಕ್ಕಟೆ ಪಿಡಿಎಫ್ ಆಗಿ ಕೊಟ್ಟಿತು. ಕದಿಯುವ ಮೊದಲು ಕಂಪನಿಯ ತಾಣವನ್ನೇ ಒಮ್ಮೆ ನೋಡಿ.

ನೀವೇ ಆಟ ಬರೆಯುವವರಾದರೆ

ಆಟ ನಡೆಸುತ್ತಾ ನಡೆಸುತ್ತಾ ಬರೆಯಲು ಶುರು ಮಾಡುವವರು ತುಂಬಾ ಜನ. ಅವರ ಮುಂದೆಯೂ ಆಯ್ಕೆಗಳಿವೆ: ಬೀಗ ಹಾಕುವುದು, ಗುರುತು ಹಾಕುವುದು, ಮಾರುವುದನ್ನೇ ಬಿಡುವುದು, ತೆರೆದಿಡುವುದು.

ಮಾರುವುದನ್ನೇ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ 2009ರ ಏಪ್ರಿಲ್ ನೋಡಿ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಪ್ಲೇಯರ್ಸ್ ಹ್ಯಾಂಡ್‌ಬುಕ್ 2 ಬಂದ ಕೆಲವೇ ದಿನದಲ್ಲಿ ಅದರ ಪ್ರತಿಗಳು ಇಂಟರ್ನೆಟ್‌ನಲ್ಲಿ ಹರಿದಾಡಿದವು. ವಿಝರ್ಡ್ಸ್ ಆಫ್ ದ ಕೋಸ್ಟ್ 8 ಜನರ ಮೇಲೆ ಮೊಕದ್ದಮೆ ಹೂಡಿತು. ಜೊತೆಗೆ ತನ್ನ ಎಲ್ಲ ಪಿಡಿಎಫ್‌ಗಳ ಮಾರಾಟವನ್ನೂ ನಿಲ್ಲಿಸಿತು, ದಶಕಗಳ ಹಳೆಯ ಪುಸ್ತಕಗಳನ್ನೂ ಸೇರಿಸಿ. ದುಡ್ಡು ಕೊಟ್ಟು ಕೊಂಡಿದ್ದವರಿಗೂ ಮತ್ತೆ ಇಳಿಸಿಕೊಳ್ಳುವ ಅವಕಾಶ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಕದ್ದ ಸ್ಕ್ಯಾನ್‌ಗಳು ಇದ್ದಲ್ಲೇ ಇದ್ದವು. ಸಕ್ರಮವಾಗಿ ಕೊಳ್ಳುವ ಬಾಗಿಲು ಮಾತ್ರ ಮುಚ್ಚಿತು. ಅದು ಮತ್ತೆ ತೆರೆದದ್ದು 2013ರ ಜನವರಿಯಲ್ಲಿ, ಹಳೆಯ ಪುಸ್ತಕಗಳ ಪಿಡಿಎಫ್ ಮಾರಾಟಕ್ಕೆ ಬಂದಾಗ. ನಡುವೆ ಸುಮಾರು ನಾಲ್ಕು ವರ್ಷ, ಆ ಪುಸ್ತಕ ಬೇಕೆನ್ನುವವರಿಗೆ ಹಳೆಯ ಪ್ರತಿ ಇಲ್ಲವೇ ಕದ್ದ ಪಿಡಿಎಫ್, ಎರಡೇ ದಾರಿ.

ಬೀಗ ಹಾಕಿದ ಪಿಡಿಎಫ್, ಅಂದರೆ ಕೊಂಡವರು ಬಿಟ್ಟು ಬೇರೆಯವರು ತೆರೆಯಲಾಗದ ಫೈಲ್ ಕೂಡ ಹಾಗೇ. ಡ್ರೈವ್‌ಥ್ರೂಆರ್‌ಪಿಜಿ 2004ರಲ್ಲಿ ಶುರುವಾದಾಗ ಬೀಗ ಇಟ್ಟಿತ್ತು. ಕೊಂಡವರಿಗೆ ಅದು ಕಾಟವಾಯಿತು, ತೆಗೆದರು. ಈಗ ಬಳಸುವುದು ವಾಟರ್‌ಮಾರ್ಕ್: ಪುಟದ ಅಡಿಯಲ್ಲಿ ಕೊಂಡವರ ಹೆಸರು, ಆರ್ಡರ್ ಸಂಖ್ಯೆ. ಓದಲು ಅಡ್ಡಿಯಿಲ್ಲ, ಎಲ್ಲರಿಗೂ ಹಂಚಲು ಮಾತ್ರ ಮನಸ್ಸು ಹಿಂಜರಿಯುತ್ತದೆ. ಅಳಿಸುವವರು ಅಳಿಸಿಯೇ ಅಳಿಸುತ್ತಾರೆ. ಆದರೂ ಚಿಕ್ಕ ಪ್ರಕಾಶಕರಿಗೆ ನಾನು ಹೇಳುವುದು ಇದನ್ನೇ: ಗುರುತು ಹಾಕಿ, ಬೆಲೆ ಕಮ್ಮಿ ಇಡಿ, ಕೊಳ್ಳುವ ದಾರಿ ಸುಲಭ ಮಾಡಿ, ಕೊಂಡವರಿಗೆ ತಿದ್ದುಪಡಿ ಕಳಿಸುತ್ತಿರಿ. ಮೊದಲ ಆಟವಾದರೆ ನಿಯಮಗಳನ್ನಾದರೂ ತೆರೆದಿಡಿ. ಯಾರಿಗೂ ಗೊತ್ತಿಲ್ಲದ ಆಟಕ್ಕೆ ಕಳ್ಳತನಕ್ಕಿಂತ ದೊಡ್ಡ ಅಪಾಯ ಯಾರೂ ಓದದೇ ಇರುವುದು.

ಎಲ್ಲೂ ಸಿಗದ ಪುಸ್ತಕ

ಉತ್ತರ ಕಷ್ಟವಾಗುವುದು ಇಲ್ಲಿ. ಮುದ್ರಣ ನಿಂತಿದೆ, ಪಿಡಿಎಫ್ ಮಾರಾಟಕ್ಕಿಲ್ಲ, ಪ್ರಕಾಶನ ಮುಚ್ಚಿದೆ. ದ ಟ್ರೋವ್ ಎಂಬ ದೊಡ್ಡ ಕದ್ದ ಭಂಡಾರ 2021ರಲ್ಲಿ ನಿಂತಾಗ ಎಷ್ಟೋ ಜನ ಬೇಸರ ಪಟ್ಟದ್ದು ಇಂಥ ಪುಸ್ತಕಗಳಿಗಾಗಿ. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅದೇ ಭಂಡಾರದಲ್ಲಿ ಹಿಂದಿನ ವಾರ ಬಂದ, ಒಬ್ಬರೇ ಬರೆದ ಆಟಗಳೂ ಇದ್ದವು. ಹಳೆಯದನ್ನು ಉಳಿಸುತ್ತೇವೆ ಎನ್ನುವ ಮಾತು ಹೊಸದನ್ನು ಕದಿಯಲು ನೆಪ ಆಗಬಾರದು.

ಇಂಥ ಪುಸ್ತಕಕ್ಕೆ ನಾನು ಹಿಡಿಯುವ ಕ್ರಮ ಹೀಗೆ. ಮೊದಲು ಡ್ರೈವ್‌ಥ್ರೂಆರ್‌ಪಿಜಿ ನೋಡುತ್ತೇನೆ. ಸತ್ತೇಹೋಯಿತು ಎಂದುಕೊಂಡ ಎಷ್ಟೋ ಆಟ ಅಲ್ಲಿ ಸ್ಕ್ಯಾನ್ ಆಗಿ ಬಂದಿವೆ. ಕೆಲವನ್ನು ಕೇಳಿದಾಗ ಒಂದೇ ಪ್ರತಿ ಅಚ್ಚು ಹಾಕಿಯೂ ಕೊಡುತ್ತಾರೆ. ಆಮೇಲೆ ಹಳೆಯ ಪ್ರತಿ ಮಾರುವವರನ್ನು ಹುಡುಕುತ್ತೇನೆ. ಅದೇ ನಿಯಮಗಳನ್ನು ಹೊಸದಾಗಿ ಬರೆದ ಆಟ ಇದೆಯೇ ನೋಡುತ್ತೇನೆ. ವಿಧಾನಕ್ಕೆ ಕಾಪಿರೈಟ್ ಇಲ್ಲದ್ದರಿಂದ ಹಳೆಯ ಡಂಜನ್ ಆಟಗಳಿಗೆ ಇಂಥ ಮರುಬರಹಗಳು ಬೇಕಾದಷ್ಟಿವೆ. ಯಾವುದೂ ಸಿಗದಿದ್ದರೆ ಬರೆದವರಿಗೆ ಒಂದು ಮೇಲ್ ಹಾಕುತ್ತೇನೆ. ಹೀಗೆ ಒಬ್ಬರಿಗೆ ಬರೆದಾಗ ಮೂರು ದಿನದಲ್ಲಿ ಉತ್ತರ ಬಂತು. ಹಕ್ಕು ತಮ್ಮ ಹತ್ತಿರವೇ ಇದೆ, ಈ ಆಟವನ್ನು ಈಗಲೂ ಯಾರಾದರೂ ಕೇಳುತ್ತಾರೆಂದು ಗೊತ್ತಿರಲಿಲ್ಲ ಎಂದಿದ್ದರು. ಜೊತೆಯಲ್ಲಿ ಪುಸ್ತಕದ ಫೈಲ್ ಕೂಡ ಇತ್ತು. ನಾವು ನಾಲ್ಕು ಜನ ಸೇರಿ ಸ್ವಲ್ಪ ದುಡ್ಡು ಕಳಿಸಿ, ಮುಂದಿನ ತಿಂಗಳೇ ಆ ಆಟ ಶುರು ಮಾಡಿದೆವು.